ಊರಿನ ಗಾಡಿ ಹತ್ತುವ ಮುನ್ನ: ಶಾಲೆಯ ಮಕ್ಕಳ ಪಾಲಕರಿಗೆ ಕೆಲವು ಮಾತುಗಳು

ಶಾಲೆಯ ವರ್ಷ ಮುಗಿಯುತ್ತ ಬಂದಿದೆ. ಠಾಣೆಯಿಂದ ಡೊಂಬಿವಲಿ, ಕಲ್ಯಾಣಗಳವರೆಗೆ, ಖಾಡಿಯಾಚೆಗಿನ ವಾಶಿ, ನೆರುಳ್, ಬೇಲಾಪುರಗಳವರೆಗೆ ಹಬ್ಬಿಕೊಂಡಿರುವ ನಮ್ಮವರ ಮನೆಗಳಲ್ಲಿ ಈಗ ಎರಡೇ ಮಾತು: ಮಕ್ಕಳ ಪರೀಕ್ಷೆ ಮತ್ತು ಊರಿನ ಟಿಕೇಟು. ಈ ಎರಡರ ನಡುವೆ ಮೂರನೆಯ ವಿಷಯವೊಂದು ಮರೆತುಹೋಗುವುದುಂಟು. ರಜೆ ಮುಗಿದ ಮೇಲೆ ಮಗು ಎಲ್ಲಿ ಓದಬೇಕು, ಯಾವ ಭಾಷೆಯಲ್ಲಿ ಓದಬೇಕು ಎಂಬ ವಿಷಯ ಅದು. ಅದನ್ನು ಊರಿನ ಜಗಲಿಯಲ್ಲಿ ಕುಳಿತು ಜೂನ್ ತಿಂಗಳ ಮಳೆ ನೋಡುತ್ತ ನಿರ್ಧರಿಸುವುದಕ್ಕಿಂತ, ಶಾಲೆಯ ಬಾಗಿಲು ತೆರೆದಿರುವ ಈ ದಿನಗಳಲ್ಲಿಯೇ ನಿರ್ಧರಿಸುವುದು ಲೇಸೆಂದು ನಾವು ಭಾವಿಸುತ್ತೇವೆ. ಅದಕ್ಕಾಗಿಯೇ ಈ ಬರಹ.

ವಿದರ್ಭವನ್ನು ಬಿಟ್ಟು ಉಳಿದ ಮಹಾರಾಷ್ಟ್ರದಲ್ಲಿ ರಾಜ್ಯದ ಪಠ್ಯಕ್ರಮದ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಮೇ 1ರಂದು ಫಲಿತಾಂಶವನ್ನು ಕೊಟ್ಟು ಮರುದಿನದಿಂದ ರಜೆ ಸಾರುತ್ತವೆ. ಜೂನ್ ಮಧ್ಯಭಾಗದಲ್ಲಿ ಮತ್ತೆ ಗಂಟೆ ಬಾರಿಸುತ್ತವೆ. ಮೇ 2ರಿಂದ ಜೂನ್ 14ರವರೆಗೆ ಎಣಿಸಿದರೆ 44 ದಿನಗಳಾಗುತ್ತವೆ. ಒಂದೆರಡು ದಿನ ಹೆಚ್ಚು ಕಡಿಮೆ ಇರಬಹುದು. ನಿಶ್ಚಿತ ದಿನಾಂಕಕ್ಕೆ ಆಯಾ ಶಾಲೆಯ ಸೂಚನಾಫಲಕವೇ ಪ್ರಮಾಣ. ಈ 44 ದಿನಗಳು ಮಗುವಿಗೆ ಆಟದ ದಿನಗಳು, ತಾಯಿಗೆ ತವರಿನ ದಿನಗಳು. ಪಾಲಕರಿಗೆ ಮಾತ್ರ ಅವು ಜವಾಬ್ದಾರಿಯ ದಿನಗಳೂ ಹೌದು.

ನಾವು ಬಂದ ದಾರಿ

ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಕನ್ನಡಿಗರು ಮೊದಲು ಕಟ್ಟಿದ ಸಂಸ್ಥೆಗಳಲ್ಲಿ ಶಾಲೆಗಳು ಸೇರಿವೆ ಎಂಬುದು ನಮಗೆ ಅಭಿಮಾನದ ಸಂಗತಿ. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು ಕಳೆದ ಶತಮಾನದ ಆರಂಭದಲ್ಲಿಯೇ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಯನ್ನು ತೆರೆಯಿತು. ಬಳಿಕ ಕೋಟೆ ಪ್ರದೇಶದಲ್ಲಿಯೂ ಇತರ ಭಾಗಗಳಲ್ಲಿಯೂ ಇಂಥ ಶಾಲೆಗಳು ಹುಟ್ಟಿದವು. ಹಗಲೆಲ್ಲ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಇರುಳು ಪಾಟಿ ಹಿಡಿದು ಕುಳಿತ ಹುಡುಗರು ಮೆಟ್ರಿಕ್ ಮುಗಿಸಿ ಗುಮಾಸ್ತರಾದರು, ಶಿಕ್ಷಕರಾದರು, ವಕೀಲರಾದರು, ಹೋಟೇಲುಗಳ ಮಾಲಕರೂ ಆದರು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಬೆಳೆಯಿತು. ಮುಂಬಯಿ ಮಹಾನಗರಪಾಲಿಕೆಯೂ ತನ್ನ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡಕ್ಕೆ ಎಡೆ ಕೊಟ್ಟಿತು.

ಆ ಕಾಲದಲ್ಲಿ ನಮ್ಮವರ ಬಿಡಾರ ದಾದರು, ಮಾಟುಂಗಾ, ಪರೇಲು, ಕೋಟೆಗಳ ಸುತ್ತಲೇ ಇತ್ತು. ಖೋಲಿಗಳ ಪಗಡಿ ಏರಿದಂತೆಲ್ಲ ಸಂಸಾರಗಳು ರೈಲಿನ ಹಳಿಗುಂಟ ಸರಿದು ಮುಲುಂದ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದವು. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ನವಿ ಮುಂಬಯಿಯ ನಿರ್ಮಾಣ ಆರಂಭವಾದ ಮೇಲೆ ವಾಶಿ, ನೆರುಳ್‌ಗಳಿಗೂ ನಮ್ಮವರು ಹೋದರು. ಮನೆಗಳು ಸರಿದಷ್ಟು ಸುಲಭವಾಗಿ ಶಾಲೆಗಳು ಸರಿಯಲಿಲ್ಲ. ಆ ಕೊರತೆಯನ್ನು ತುಂಬಲು ಇಲ್ಲಿನ ಸಂಘಗಳು ಶ್ರಮಿಸಿದವು. ಡೊಂಬಿವಲಿಯ ಕರ್ನಾಟಕ ಸಂಘವು ಮಂಜುನಾಥನ ಹೆಸರಿನಲ್ಲಿ ಶಾಲೆಯನ್ನೂ, ಠಾಕುರ್ಲಿಯ ಕಂಚನಗಾಂವದಲ್ಲಿ ಕಾಲೇಜನ್ನೂ ಕಟ್ಟಿತು. ಠಾಣೆಯಲ್ಲಿ ನವೋದಯ ಕನ್ನಡ ಸೇವಾ ಸಂಘವು ವಿದ್ಯಾದಾನಕ್ಕೆ ಕೈಹಾಕಿತು.

ಆದರೆ ಕಾಲದ ಗತಿ ಬೇರೆಯಾಯಿತು. ಕನ್ನಡ ಮಾಧ್ಯಮದ ತರಗತಿಗಳು ದಶಕದಿಂದ ದಶಕಕ್ಕೆ ಕುಗ್ಗಿದವು. ಇಂದು ಈ ಭಾಗದ ನಮ್ಮ ಮಕ್ಕಳಲ್ಲಿ ಬಹುಪಾಲು ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ, ಕೆಲವರು ಮರಾಠಿಯಲ್ಲಿ. ಈ ಬಗ್ಗೆ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಮಾಣಿಯ ಕೆಲಸ ಮಾಡುವ ತಂದೆ ತನ್ನ ಮಗ ಮಾಣಿಯಾಗದಿರಲಿ ಎಂದು ಇಂಗ್ಲಿಷ್ ಶಾಲೆಗೆ ಹಾಕಿದರೆ ಅದನ್ನು ತಪ್ಪೆನ್ನುವ ಎದೆ ಯಾರಿಗಿದೆ? ಶಾಲೆ ಯಾವುದೇ ಇರಲಿ, ರಜೆಗೆ ಮುನ್ನ ಪಾಲಕರು ಮಾಡಬೇಕಾದ ಕೆಲಸಗಳು ಎಲ್ಲರಿಗೂ ಸಮಾನವಾಗಿವೆ.

ಮೇ 1ರ ಬೆಳಿಗ್ಗೆ

ಫಲಿತಾಂಶದ ದಿನವೇ ಮಹಾರಾಷ್ಟ್ರ ದಿನ. 1960ರಲ್ಲಿ ಈ ರಾಜ್ಯ ಉದಯಿಸಿದ ದಿನ. ಅದೇ ಕಾರ್ಮಿಕರ ದಿನವೂ ಹೌದು. ಕಚೇರಿಗಳಿಗೆ ಬಿಡುವಿರುವುದರಿಂದ ಗುಮಾಸ್ತರಾದ ಪಾಲಕರಿಗೆ ಶಾಲೆಗೆ ಹೋಗಲು ಅಡ್ಡಿಯಿಲ್ಲ. ಹೋಟೇಲಿನವರ ಪಾಡು ಬೇರೆ. ಊರಿಗೆಲ್ಲ ರಜೆ ಇದ್ದ ದಿನವೇ ಹೋಟೇಲಿನಲ್ಲಿ ನೂಕುನುಗ್ಗಲು. ಬೆಳಗಿನ ಇಡ್ಲಿಯ ಸರದಿ ಮುಗಿಯುವ ಮೊದಲು ಭಟ್ಟಿಯ ಮುಂದಿನವನನ್ನಾಗಲಿ ಗಲ್ಲೆಯ ಮೇಲಿನವನನ್ನಾಗಲಿ ಬಿಡುವವರಾರು? ಹೀಗಾಗಿ ಮಗುವಿನ ಪ್ರಗತಿಪುಸ್ತಕವನ್ನು ತರುವ ಕೆಲಸ ತಾಯಿಯ ಪಾಲಿಗೋ ನೆರೆಮನೆಯವರ ಪಾಲಿಗೋ ಬರುತ್ತದೆ. ವರ್ಗಶಿಕ್ಷಕಿ ಹೇಳಬೇಕೆಂದಿದ್ದ ಮಾತು ಹೇಳಬೇಕಾದವರಿಗೆ ತಲಪುವುದೇ ಇಲ್ಲ.

ನಮ್ಮ ಹೋಟೇಲು ಮಾಲಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಆ ದಿನ ಪ್ರಾಥಮಿಕ ಶಾಲೆಯ ಮಕ್ಕಳಿರುವ ನೌಕರರಿಗೆ, ಪಾಳಿ ಬದಲಿಸಿಯಾದರೂ, ಎರಡು ತಾಸಿನ ಬಿಡುವು ಕೊಡಿರಿ. ನಿಮ್ಮಲ್ಲಿ ಅನೇಕರು ರಾತ್ರಿಶಾಲೆಯ ಋಣ ಹೊತ್ತವರು, ಇಲ್ಲವೆ ಹಾಗೆ ಓದಿದವರ ಮಕ್ಕಳು. ಎರಡು ತಾಸಿನಿಂದ ವ್ಯಾಪಾರ ಮುಳುಗದು. ಮಗುವಿನ ಒಂದು ವರ್ಷ ಉಳಿಯಬಹುದು.

ವರ್ಷ ಉಳಿಯುವ ಮಾತನ್ನು ಅಲಂಕಾರಕ್ಕಾಗಿ ಆಡಿದ್ದಲ್ಲ. ಎಂಟನೆಯ ಇಯತ್ತೆಯವರೆಗೆ ಯಾವ ಮಗುವನ್ನೂ ಅನುತ್ತೀರ್ಣಗೊಳಿಸುವಂತಿಲ್ಲ ಎಂಬ ನಿಯಮ ಮೊದಲಿತ್ತು. ಬಹಳಷ್ಟು ಪಾಲಕರು ಇಂದಿಗೂ ಅದನ್ನೇ ನಂಬಿಕೊಂಡಿದ್ದಾರೆ. 2019ರಲ್ಲಿ ಕೇಂದ್ರದ ಶಿಕ್ಷಣ ಹಕ್ಕಿನ ಕಾಯಿದೆಗೆ ತಿದ್ದುಪಡಿಯಾಯಿತು. ಅದಕ್ಕನುಸಾರವಾಗಿ ಮಹಾರಾಷ್ಟ್ರವು 2023ರಲ್ಲಿ ತನ್ನ ನಿಯಮಗಳನ್ನು ಬದಲಿಸಿ ಐದನೆಯ ಮತ್ತು ಎಂಟನೆಯ ಇಯತ್ತೆಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮತ್ತೆ ತಂದಿದೆ. ಇದರಲ್ಲಿ ತೇರ್ಗಡೆಯಾಗದ ಮಗುವಿಗೆ ಹೆಚ್ಚಿನ ಪಾಠ ಹೇಳಿಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕೊಡಬೇಕು. ಅದರಲ್ಲಿಯೂ ತೇರ್ಗಡೆಯಾಗದಿದ್ದರೆ ಮಗು ಅದೇ ಇಯತ್ತೆಯಲ್ಲಿ ಉಳಿಯುತ್ತದೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂಬ ಭದ್ರತೆ ಮಾತ್ರ ಈಗಲೂ ಇದೆ.

ಐದನೆಯ ಇಯತ್ತೆಯ ಮಗು ಮರುಪರೀಕ್ಷೆಗೆ ಕೂಡಬೇಕಾಗಿದ್ದರೆ ಆ ದಿನಾಂಕ ರಜೆಯ ಕೊನೆಗೋ ಶಾಲೆ ತೆರೆಯುವ ಹೊತ್ತಿಗೋ ಬೀಳಬಹುದು. ಆಗ ಮಗು ಕುಂದಾಪುರದಲ್ಲಿಯೋ ಕಾರ್ಕಳದಲ್ಲಿಯೋ ಇದ್ದರೆ ಸಿಕ್ಕಿದ ಅವಕಾಶವೂ ಕೈತಪ್ಪುತ್ತದೆ. ಆದುದರಿಂದ ಐದನೆಯ ಇಯತ್ತೆಯ ಮಕ್ಕಳ ಪಾಲಕರು ಫಲಿತಾಂಶವನ್ನು ಕಣ್ಣಾರೆ ನೋಡದೆ, ಮರುಪರೀಕ್ಷೆಯ ದಿನಾಂಕವನ್ನು ಕೇಳದೆ ಗಾಡಿ ಹತ್ತಬಾರದು.

ದಾಖಲೆಯಲ್ಲಿ ಹೆಸರು, ಮಾತೃಭಾಷೆ

ಶಾಲೆಗೆ ಹೋದಾಗ ಇನ್ನೊಂದು ಕೆಲಸವನ್ನೂ ಮುಗಿಸಿ ಬರಬಹುದು. ಶಾಲೆಯ ಸಾಮಾನ್ಯ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರು, ಜನ್ಮದಿನಾಂಕ, ಜನ್ಮಸ್ಥಳ, ಜಾತಿ, ಮಾತೃಭಾಷೆಗಳು ಹೇಗೆ ಬರೆಯಲ್ಪಟ್ಟಿವೆ ಎಂದು ಒಮ್ಮೆ ನೋಡಿಕೊಳ್ಳಬೇಕು.

ನಮ್ಮವರ ಹೆಸರುಗಳಿಗೆ ಇಲ್ಲಿ ಒದಗುವ ತೊಡಕು ಎಲ್ಲರಿಗೂ ತಿಳಿದದ್ದೇ. ಮಹಾರಾಷ್ಟ್ರದ ಕ್ರಮದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಆಡ್ಡಹೆಸರು ಈ ಮೂರೂ ಇರಬೇಕು. ಧಾರವಾಡ, ವಿಜಯಪುರ ಕಡೆಯವರಿಗೆ ಇದು ಪರಿಚಿತ ಪದ್ಧತಿ. ಹಳೆಯ ಮೈಸೂರಿನವರಿಗೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಸಾಕು. ಕರಾವಳಿಯವರಲ್ಲಿ ಅಣ್ಣನ ಹೆಸರಿನ ಮುಂದೆ ಜಾತಿಸೂಚಕ ಹೆಸರು, ತಮ್ಮನ ಹೆಸರಿನ ಮುಂದೆ ಮನೆತನದ ಹೆಸರು ಇರುವುದೂ ಉಂಟು. ಜನನಪತ್ರದಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಮತ್ತೊಂದು ಬಗೆ, ಶಾಲೆಯಲ್ಲಿ ಮೂರನೆಯ ಬಗೆಯಾದರೆ ಮುಂದೆ ಹತ್ತನೆಯ ಇಯತ್ತೆಯ ಅರ್ಜಿಯ ಸಮಯದಲ್ಲಿ ಅಲೆದಾಟ ತಪ್ಪದು. ಮಗು ಶಾಲೆಯಲ್ಲಿರುವಾಗಲೇ ತಿದ್ದಿಸಿಕೊಳ್ಳುವುದು ಸುಲಭ. ಶಾಲೆ ಬಿಟ್ಟ ಮೇಲೆ ಅದೇ ಕೆಲಸಕ್ಕೆ ಹತ್ತು ಬಾಗಿಲು ತಟ್ಟಬೇಕು.

ಮಾತೃಭಾಷೆಯ ಅಂಕಣವನ್ನಂತೂ ಬಹಳ ಜನ ಲಕ್ಷಿಸುವುದಿಲ್ಲ. ಅರ್ಜಿ ತುಂಬಿಕೊಟ್ಟವರು ಅವಸರದಲ್ಲಿ ಹಿಂದಿ ಎಂದೋ ಮರಾಠಿ ಎಂದೋ ಬರೆದುಬಿಟ್ಟಿರುತ್ತಾರೆ. ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ಸಂವಿಧಾನದ 30ನೆಯ ವಿಧಿಯು ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅಂಥ ಸಂಸ್ಥೆಗಳ ಕಾಲೇಜುಗಳಲ್ಲಿ ಆ ಭಾಷೆಯ ವಿದ್ಯಾರ್ಥಿಗಳಿಗೆ ಮೀಸಲು ಸ್ಥಾನಗಳಿರುತ್ತವೆ. ಅವನ್ನು ಕೇಳುವಾಗ ಶಾಲೆಯ ದಾಖಲೆಯಲ್ಲಿ ಬರೆದ ಮಾತೃಭಾಷೆ ಮುಖ್ಯ ಸಾಕ್ಷಿಗಳಲ್ಲಿ ಒಂದಾಗುತ್ತದೆ. ಒಂದನೆಯ ಇಯತ್ತೆಯಲ್ಲಿ ಗುಮಾಸ್ತನೊಬ್ಬ ಬರೆದ ಒಂದು ಪದ ಹತ್ತು ವರ್ಷಗಳ ಬಳಿಕ ಮಗುವಿಗೆ ಬಾಗಿಲು ತೆರೆಯಬಹುದು, ಮುಚ್ಚಲೂಬಹುದು.

ಊರಿನ ಶಾಲೆಗೆ ಸೇರಿಸುವ ಯೋಚನೆ ಇದ್ದರೆ

ಪ್ರತಿ ಬೇಸಗೆಯಲ್ಲಿಯೂ ಕೆಲವು ಸಂಸಾರಗಳಲ್ಲಿ ಈ ಮಾತು ಏಳುತ್ತದೆ. ಬಾಡಿಗೆ ಏರಿತು, ಹೆಂಡತಿಮಕ್ಕಳು ಊರಿನಲ್ಲಿರಲಿ, ನಾನು ಹೋಟೇಲಿನಲ್ಲಿಯೇ ಮಲಗಿಕೊಂಡು ದುಡಿಯುತ್ತೇನೆ ಎನ್ನುತ್ತಾನೆ ತಂದೆ. ಇದು ಒಬ್ಬಿಬ್ಬರ ಕತೆಯಲ್ಲ. ಮುಂಬಯಿಯ ಕನ್ನಡಿಗರ ಬಾಳಿನ ಹಳೆಯ ಕತೆ. ಇಂಥ ನಿರ್ಧಾರವನ್ನು ಹೊರಗಿನವರು ಪ್ರಶ್ನಿಸಲಾಗದು. ಆದರೆ ನಿರ್ಧಾರ ಊರಿಗೆ ಹೋದ ಮೇಲೆ ಆದರೆ ಮಗುವಿನ ಪಾಡು ಕಷ್ಟ. ಶಾಲೆ ಬಿಟ್ಟ ದಾಖಲೆ ಇಲ್ಲಿ, ಮಗು ಅಲ್ಲಿ. ಇಲ್ಲಿನ ಶಾಲೆಗೆ ಜೂನ್ ಮಧ್ಯದವರೆಗೆ ರಜೆ, ಅಲ್ಲಿನ ಶಾಲೆ ಮೇ ತಿಂಗಳ ಕೊನೆಗೇ ಆರಂಭ.

ಇಂಥವರಿಗೆ 2009ರ ಶಿಕ್ಷಣ ಹಕ್ಕಿನ ಕಾಯಿದೆಯ 5ನೆಯ ಕಲಮು ಆಸರೆಯಾಗಿದೆ. ಒಂದು ಶಾಲೆಯಿಂದ ಇನ್ನೊಂದಕ್ಕೆ, ರಾಜ್ಯದೊಳಗಾಗಲಿ ಹೊರಗಾಗಲಿ, ವರ್ಗಾವಣೆ ಕೇಳುವ ಹಕ್ಕು ಮಗುವಿಗಿದೆ. ಸೇರುವ ಶಾಲೆ ಸರಕಾರಿ ಅಥವಾ ಅನುದಾನಿತ ಶಾಲೆಯಾಗಿರಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಕಲಮು ಅನ್ವಯಿಸದು. ಬಿಡುವ ಶಾಲೆಯ ಮುಖ್ಯೋಪಾಧ್ಯಾಯರು ವರ್ಗಾವಣೆಯ ಪತ್ರವನ್ನು ತಡಮಾಡದೆ ಕೊಡಬೇಕು. ಪತ್ರ ಬರುವುದು ತಡವಾಯಿತೆಂಬ ಕಾರಣದಿಂದ ಸೇರುವ ಶಾಲೆಯವರು ಮಗುವನ್ನು ಹಿಂದಿರುಗಿಸುವಂತಿಲ್ಲ. ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಕಾನೂನು ಬೆನ್ನಿಗಿದ್ದರೂ ಕಾಗದ ಕೈಯಲ್ಲಿದ್ದರೆ ನೆಮ್ಮದಿ ಹೆಚ್ಚು. ನಿರ್ಧಾರವಾಗಿದ್ದರೆ ಮೇ 1ಕ್ಕೇ ಅರ್ಜಿ ಕೊಟ್ಟು ದಾಖಲೆಯನ್ನು ಪಡೆದುಕೊಳ್ಳಿರಿ.

ಭಾಷೆಯ ವಿಷಯವನ್ನೂ ಆಲೋಚಿಸಬೇಕು. ಇಲ್ಲಿ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ನಾಲ್ಕು ವರ್ಷ ಓದಿದ ಮಗುವನ್ನು ಊರಿನ ಕನ್ನಡ ಶಾಲೆಯ ಐದನೆಯ ತರಗತಿಯಲ್ಲಿ ಕೂಡಿಸಿದರೆ, ಮನೆಯಲ್ಲಿ ತುಳುವೋ ಕನ್ನಡವೋ ಸರಾಗವಾಗಿ ಆಡುವ ಮಗು ಕೂಡ ಪಾಠಪುಸ್ತಕದ ಮುಂದೆ ಮೂಕವಾಗುತ್ತದೆ. ಊರಿನಿಂದ ಇಲ್ಲಿಗೆ ಬರುವ ಮಗುವಿಗೂ ತೊಡಕಿದೆ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ, ಮಾಧ್ಯಮ ಯಾವುದೇ ಇರಲಿ, ಮರಾಠಿಯನ್ನು ಕಲಿಯಲೇಬೇಕು. ಅದನ್ನು ಹೊರೆಯೆಂದು ತಿಳಿಯದೆ, ನಾವು ಅನ್ನ ಉಣ್ಣುವ ನೆಲದ ಭಾಷೆಯೆಂದು ಆದರದಿಂದ ಕಲಿಸಬೇಕೆಂಬುದೇ ನಮ್ಮ ಅಭಿಪ್ರಾಯ. ಅದಕ್ಕೂ ಸಿದ್ಧತೆ ಬೇಕು. ರಜೆಯೇ ಸಿದ್ಧತೆಯ ಕಾಲ.

ಒಂದು ಮಗುವಿನ ಬೆಲೆ

ಮಗು ಮರಳಿ ಬರುವುದೋ ಇಲ್ಲವೋ ಎಂಬುದನ್ನು ಶಾಲೆಗೆ ಮುಂಚಿತವಾಗಿ ತಿಳಿಸುವುದು ಸೌಜನ್ಯಕ್ಕಾಗಿ ಮಾತ್ರವಲ್ಲ. ಕನ್ನಡ ಮಾಧ್ಯಮದ ಚಿಕ್ಕ ಶಾಲೆಗಳ ಪ್ರಾಣವೇ ಅದರಲ್ಲಿ ನಿಂತಿದೆ.

2009ರ ಕಾಯಿದೆಯ ಅನುಸೂಚಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಒಂದರಿಂದ ಐದನೆಯ ಇಯತ್ತೆಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ಕ್ಕೆ ಮೂವರು. 91ರಿಂದ 120ಕ್ಕೆ ನಾಲ್ವರು. 121ರಿಂದ 200ಕ್ಕೆ ಐವರು. ಇದನ್ನು ಜಾರಿಗೊಳಿಸುವ ಬಗೆಯನ್ನು ರಾಜ್ಯ ಸರಕಾರವು ಆಗಾಗ ಬದಲಿಸುವುದುಂಟು. ಆದರೂ ಮೂಲ ತತ್ತ್ವ ಒಂದೇ: ಪಟದ ಮೇಲೆ ಎಷ್ಟು ಮಕ್ಕಳೋ ಅದಕ್ಕೆ ತಕ್ಕಷ್ಟು ಶಿಕ್ಷಕರು. 61 ಮಕ್ಕಳಿದ್ದ ಶಾಲೆಯಿಂದ ಒಂದು ಮಗು ಹೇಳದೆ ಕೇಳದೆ ಹೋದರೆ ಮೂರನೆಯ ಶಿಕ್ಷಕರ ಹುದ್ದೆ ಅಲುಗಾಡುತ್ತದೆ. ಆ ಶಿಕ್ಷಕರು ಹೋದರೆ ಒಂದೇ ಕೋಣೆಯಲ್ಲಿ ಎರಡು ಮೂರು ಇಯತ್ತೆಗಳು ಕೂಡಬೇಕಾಗುತ್ತದೆ. ಅದನ್ನು ಕಂಡು ಇನ್ನೂ ನಾಲ್ವರು ಪಾಲಕರು ಮಕ್ಕಳನ್ನು ಬಿಡಿಸುತ್ತಾರೆ. ಬಾಗಿಲು ಮುಚ್ಚುವ ಶಾಲೆ ಒಂದೇ ದಿನದಲ್ಲಿ ಮುಚ್ಚುವುದಿಲ್ಲ; ಹೀಗೆ ಒಂದೊಂದು ಮಗುವಾಗಿ ಬರಿದಾಗುತ್ತದೆ.

ಪಠ್ಯಪುಸ್ತಕಗಳ ಕೊರತೆಯಿಂದ ಕನ್ನಡ ಶಾಲೆಗಳು ಕ್ಷೀಣಿಸಿದವು ಎನ್ನುವಂತಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆಯು ಮರಾಠಿ, ಇಂಗ್ಲಿಷ್, ಹಿಂದಿ, ಉರ್ದು, ಗುಜರಾತಿಗಳೊಂದಿಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಈ ಪುಸ್ತಕಗಳಿಂದಲೇ ಪಾಠ ಹೇಳುತ್ತವೆ. 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ವಿಧಿಸಿದೆ. ವಿಧಿಯಿದೆ, ಪುಸ್ತಕವಿದೆ, ಪಟದ ಮೇಲೆ ಹೆಸರುಗಳು ಬೇಕು. ಅದನ್ನು ಕೊಡಬಲ್ಲವರು ಪಾಲಕರು ಮಾತ್ರ.

ಎರಡು ರಾಜ್ಯ, ಎರಡು ಶಾಲಾಪಂಚಾಂಗ

ಕರ್ನಾಟಕದ ಶಾಲೆಗಳಿಗೆ ದೊಡ್ಡ ನಡುರಜೆ ದಸರೆಗೆ, ಇಲ್ಲಿ ದೀಪಾವಳಿಗೆ. ಇದರಿಂದ ನಮ್ಮ ಮಕ್ಕಳಿಗೆ ನವರಾತ್ರಿಯಲ್ಲಿ ಊರು ಕಾಣುವ ಯೋಗ ಕಡಿಮೆ. ಬೇಸಗೆಯಲ್ಲಿಯೂ ಹೊಂದಾಣಿಕೆ ಅರ್ಧದಷ್ಟೇ. ಊರಿನ ಮಕ್ಕಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ. ಇಲ್ಲಿನ ಮಕ್ಕಳು ಮೇ ಮೊದಲ ವಾರ ಊರು ಸೇರುವಷ್ಟರಲ್ಲಿ ಅವರ ರಜೆಯ ಸುಮಾರು ಮೂರು ವಾರಗಳು ಕಳೆದಿರುತ್ತವೆ. ಅಣ್ಣತಂಗಿಯರು, ಮಾವನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಎಲ್ಲರೂ ಕೂಡಿ ಆಡುವ ಕಾಲ ನಾಲ್ಕು ವಾರಗಳಷ್ಟೇ. ಹಲಸು, ಮಾವು, ನೇರಳೆಗಳ ಜೊತೆಗೆ ಮದುವೆ, ನೇಮ, ಜಾತ್ರೆಗಳನ್ನೂ ಇದರಲ್ಲಿಯೇ ಮುಗಿಸಬೇಕು. ಹೊರಡುವುದನ್ನು ಒಂದು ವಾರ ಮುಂದೂಡಿದರೆ ಮಗುವಿಗೆ ನಾಲ್ಕನೆಯ ಒಂದು ಪಾಲು ನಷ್ಟ ಎಂಬುದು ಪಾಲಕರ ನೆನಪಿನಲ್ಲಿರಲಿ.

ಪ್ರಯಾಣದ ವಿಷಯದಲ್ಲಿ ಕೆಲವು ನಿಯಮಗಳನ್ನು ಇಲ್ಲಿ ಹೇಳುವುದು ಉಚಿತ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಪ್ರಯಾಣದ ದಿನವನ್ನು ಬಿಟ್ಟು ಲೆಕ್ಕ ಹಿಡಿದರೆ ಜೂನ್ 12ರಂದು ಊರಿನಿಂದ ಹೊರಡುವ ಗಾಡಿಗೆ ಏಪ್ರಿಲ್ 13ರಂದು ಟಿಕೇಟು ತೆರೆಯುತ್ತದೆ. ಹೋಗುವ ಟಿಕೇಟಿಗೆ ಪಡುವ ಆತುರವನ್ನು ಮರಳುವ ಟಿಕೇಟಿಗೂ ಪಡಬೇಕು. ಟಿಕೇಟು ಸಿಗದೆ ಜೂನ್ ಕೊನೆಯವರೆಗೆ ಊರಿನಲ್ಲಿಯೇ ಉಳಿದ ಮಗು ಶಾಲೆಯ ಮೊದಲ ಪಾಠಗಳನ್ನು ಕಳೆದುಕೊಳ್ಳುತ್ತದೆ.

ಐದು ವರ್ಷದೊಳಗಿನ ಮಗುವಿಗೆ ಬೇರೆ ಮಲಗುವ ಸ್ಥಳ ಕೇಳದಿದ್ದರೆ ಟಿಕೇಟು ಬೇಡ. ಐದು ತುಂಬಿ ಹನ್ನೆರಡು ತುಂಬದ ಮಗುವಿಗೆ ಪ್ರತ್ಯೇಕ ಸ್ಥಳ ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಅರ್ಧ ದರ. ಇದು 2016ರ ಏಪ್ರಿಲ್‌ನಿಂದ ಬಂದ ನಿಯಮ. ಮಳೆಗಾಲದಲ್ಲಿ ಕೊಂಕಣ ರೈಲುಮಾರ್ಗದ ಗಾಡಿಗಳು ಸುರಕ್ಷತೆಗಾಗಿ ನಿಧಾನವಾಗಿ ಚಲಿಸುತ್ತವೆ. ಜೂನ್ ತಿಂಗಳಲ್ಲಿ ಬೇರೆಯೇ ವೇಳಾಪಟ್ಟಿ ಜಾರಿಗೆ ಬರುತ್ತದೆ. ಮರಳುವ ದಿನಕ್ಕೂ ಶಾಲೆ ತೆರೆಯುವ ದಿನಕ್ಕೂ ನಡುವೆ ಒಂದೆರಡು ದಿನದ ಅಂತರವಿರುವುದು ಜಾಣತನ.

44 ದಿನ, 49 ಅಕ್ಷರ

ಕೊನೆಯದಾಗಿ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನಮ್ಮ ಹೋಟೇಲು ನೌಕರರಲ್ಲಿ ಅನೇಕರ ಮನೆಮಾತು ತುಳು ಅಥವಾ ಕೊಂಕಣಿ. ಇನ್ನು ಕೆಲವರದು ಕುಂದಾಪುರದ ಕನ್ನಡ. ಇವರೆಲ್ಲರಿಗೂ ಓದುಬರಹದ ಭಾಷೆಯಾಗಿ ಕನ್ನಡವನ್ನು ಕೊಟ್ಟದ್ದು ಊರಿನ ಶಾಲೆ. ಆದುದರಿಂದಲೇ ಇಂದಿಗೂ ಅವರು ಕನ್ನಡ ಪತ್ರಿಕೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಅವರ ಮಕ್ಕಳಿಗೆ ಆ ಶಾಲೆ ದೊರೆಯಲಿಲ್ಲ. ಅಜ್ಜಿಯೊಡನೆ ಮಾತನಾಡಬಲ್ಲ ಮಗು ಅಜ್ಜಿ ಓದುವ ಪಂಚಾಂಗವನ್ನು ಓದಲಾರದು. ತಂದೆ ಓದುವ ಪತ್ರಿಕೆ ಮಗುವಿಗೆ ಬರಿಯ ಚಿತ್ರದಂತೆ ಕಾಣುತ್ತದೆ. ಒಂದೇ ತಲೆಮಾರಿನಲ್ಲಿ ಮನೆಯ ಓದು ನಿಂತುಹೋಗುವುದೆಂದರೆ ಹೀಗೆ.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಕನ್ನಡದ ವರ್ಣಮಾಲೆಯಲ್ಲಿ ಅಕ್ಷರಗಳು 49: ಸ್ವರಗಳು 13, ಯೋಗವಾಹಗಳು 2, ವ್ಯಂಜನಗಳು 34. ದಿನಕ್ಕೆ ಎರಡರಂತೆ ಕಲಿಸಿದರೆ 25 ದಿನಗಳಲ್ಲಿ ಮುಗಿಯುತ್ತವೆ. ಉಳಿದ 19 ದಿನಗಳು ಕಾಗುಣಿತಕ್ಕೂ ಸಣ್ಣ ಪದಗಳಿಗೂ ಸಾಕು. ಒತ್ತಕ್ಷರಗಳನ್ನು ಶಾಲೆ ತೆರೆದ ಮೇಲೆ ಭಾನುವಾರಗಳಲ್ಲಿ ಕಲಿಸಬಹುದು.

ಮಹಾರಾಷ್ಟ್ರದಲ್ಲಿ ಬೆಳೆದ ಮಗುವಿಗೆ ಇದು ಹೊಸ ವಿದ್ಯೆಯೇ ಅಲ್ಲ. ಮರಾಠಿ ಕಲಿತ ಮಗುವಿಗೆ ಕ, ಖ, ಗ, ಘಗಳ ಕ್ರಮ ಬಾಯಿಪಾಠವಾಗಿದೆ. ಧ್ವನಿಯೂ ಅದೇ, ಕ್ರಮವೂ ಅದೇ. ಬೇರೆಯಾದದ್ದು ರೂಪ ಮಾತ್ರ. ಳ ಅಕ್ಷರ ಕೂಡ ಮರಾಠಿಯಲ್ಲಿದೆ. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘಗಳ ಭೇದವನ್ನು ಮಾತ್ರ ಹೊಸದಾಗಿ ಹೇಳಿಕೊಡಬೇಕು. ಅದನ್ನೂ ಮಗು ಮನೆಯಲ್ಲಿ ಕಿವಿಯಿಂದ ಕಲಿತೇ ಇದೆ. ಕೊಡು, ಕೋಳಿ ಎಂದು ಹೇಳಿಸಿದರೆ ತಾನೇ ಗುರುತಿಸುತ್ತದೆ.

ಪಾಠವನ್ನು ರೈಲಿನಲ್ಲಿಯೇ ಆರಂಭಿಸಬಹುದು. ಕೊಂಕಣ ರೈಲುಮಾರ್ಗದಲ್ಲಿ ಗೋವೆ ದಾಟಿದೊಡನೆ ನಿಲ್ದಾಣದ ಫಲಕಗಳಲ್ಲಿ ಕನ್ನಡ ಕಾಣಿಸಿಕೊಳ್ಳುತ್ತದೆ. ಕಾರವಾರ, ಅಂಕೋಲ, ಕುಮಟಾ, ಹೊನ್ನಾವರ, ಭಟ್ಕಳ, ಕುಂದಾಪುರ, ಉಡುಪಿ, ಮೂಲ್ಕಿ, ಸುರತ್ಕಲ್ ಎಂದು ಒಂದೊಂದೇ ಹೆಸರನ್ನು ಕಿಟಕಿಯಿಂದ ಓದಿಸಿರಿ. ಫಲಕದಲ್ಲಿ ಹಿಂದಿಯೂ ಇಂಗ್ಲಿಷೂ ಪಕ್ಕದಲ್ಲಿಯೇ ಇರುವುದರಿಂದ ಮಗು ಹೋಲಿಸಿ ಕಲಿಯುತ್ತದೆ. ಪುಣೆ, ಮೀರಜಗಳ ಮಾರ್ಗವಾಗಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಹೋಗುವವರಿಗೂ, ಸೊಲ್ಲಾಪುರದ ಮೇಲಿಂದ ಕಲಬುರಗಿಗೆ ಹೋಗುವವರಿಗೂ ಇದೇ ಅನುಕೂಲವಿದೆ. ಖರ್ಚಿಲ್ಲದ ಪಾಠಶಾಲೆ ಇದಕ್ಕಿಂತ ಬೇರೆಲ್ಲಿದೆ?

ಸಂಸಾರವನ್ನು ಊರಿಗೆ ಕಳುಹಿಸಿ ಇಲ್ಲಿಯೇ ಉಳಿಯುವ ತಂದೆಗೂ ಇದರಲ್ಲಿ ಪಾತ್ರವಿದೆ. ರಾತ್ರಿ ಹೋಟೇಲು ಮುಚ್ಚಿದ ಮೇಲೆ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವುದರ ಜೊತೆಗೆ ಇಂದಿನ ಎರಡು ಅಕ್ಷರ ಯಾವುವು ಎಂದು ಕೇಳಲಿ. ವಾರಕ್ಕೊಮ್ಮೆ ಮಗು ಕನ್ನಡದಲ್ಲಿ ನಾಲ್ಕು ಸಾಲು ಬರೆದು ಅದರ ಚಿತ್ರವನ್ನು ತಂದೆಗೆ ಕಳುಹಿಸಲಿ. ಮೊದಲ ಸಾಲಿನಲ್ಲಿ ತಪ್ಪುಗಳಿದ್ದರೆ ಗದರಿಸುವುದು ಬೇಡ. ಊರಿನಲ್ಲಿರುವ ಅಜ್ಜ ಅಜ್ಜಿಯರಿಗೂ ಈ ಕೆಲಸ ಒಪ್ಪುವಂಥದೇ. ಮೊಮ್ಮಗುವಿಗೆ ತಿಂಡಿ ಮಾಡಿಕೊಡುವ ಕೈ ಪಾಟಿಯ ಮೇಲೆ ಅಕ್ಷರ ತಿದ್ದಿಸಲೂ ಬಲ್ಲದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಸಂಘಗಳೂ ಜೂನ್ ತಿಂಗಳ ಕೊನೆಯ ಭಾನುವಾರ ಊರಿನಿಂದ ಮರಳಿದ ಮಕ್ಕಳನ್ನು ತಮ್ಮ ಸಭಾಗೃಹಕ್ಕೆ ಕರೆದು, ಕಲಿತದ್ದನ್ನು ಓದಿಸಿ, ಒಂದೊಂದು ಪುಸ್ತಕವನ್ನು ಕೈಗಿಡಲಿ ಎಂದು ನಾವು ಸೂಚಿಸುತ್ತೇವೆ. ಸನ್ಮಾನಗಳಿಗೆ ತರುವ ಶಾಲು ಹಾರಗಳ ಖರ್ಚಿನಲ್ಲಿ ಒಂದು ಭಾಗ ಇದಕ್ಕೆ ಧಾರಾಳವಾಗಿ ಸಾಕು.

ಫಲಿತಾಂಶವನ್ನು ನೋಡಿರಿ, ದಾಖಲೆಯನ್ನು ಸರಿಪಡಿಸಿಕೊಳ್ಳಿರಿ, ಮಗು ಮರಳುವುದೋ ಇಲ್ಲವೋ ಎಂಬುದನ್ನು ಶಾಲೆಗೆ ಹೇಳಿರಿ, ಮರಳುವ ಟಿಕೇಟನ್ನು ತೆಗೆಯಿರಿ, ಪೆಟ್ಟಿಗೆಯಲ್ಲಿ ಬಟ್ಟೆಬರೆಯ ಜೊತೆಗೆ ಒಂದು ಕನ್ನಡ ಅಂಕಲಿಪಿಯನ್ನೂ ಇಡಿರಿ. ಎಲ್ಲ ಮಕ್ಕಳಿಗೂ ಈ ರಜೆ ಸುಖಕರವಾಗಲಿ, ಶಾಲೆ ತೆರೆದ ದಿನ ಪ್ರತಿಯೊಂದು ಮಗುವೂ ತನ್ನ ಬೆಂಚಿನ ಮೇಲೆ ಕಾಣಿಸಿಕೊಳ್ಳಲಿ ಎಂದು ಹಾರೈಸುತ್ತೇವೆ.